ಟೀಚರಮ್ಮ ಹೂಂ ಅನ್ನುವುದನ್ನು ಬಿಟ್ಟ ತಿಂಗಳು

ಬಲಗೈಯನ್ನು ಕುರ್ಚಿಗೆ ಕೊಡುವುದಿಲ್ಲ ಎಂದು ಟೀಚರಮ್ಮ ಮೊದಲ ದಿನವೇ ಹೇಳಿಬಿಟ್ಟರು.

"ನಂದು ಅಂತ ಉಳದಿದ್ದು ಅದೊಂದು ಕೈ. ಅದು ಬೋರ್ಡಿಗೆ ಬೇಕು. ಕುರ್ಚಿಗೆ ಬ್ಯಾರೆ ಏನರ ಹುಡುಕು."

ಆಂಧ್ರದ ಗಡಿಯಲ್ಲಿ ಹೊಳಗುಂದದಿಂದ ಒಳಗೆ ಒಂದು ಹಳ್ಳಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ, ಜನವರಿ ತಿಂಗಳು. ನಾನು ಆದೋನಿಯ ಒಂದು ಸಣ್ಣ ವರ್ಕ್‌ಶಾಪಿನವಳು. ಬ್ಯಾಟರಿ ಮೇಲೆ ಓಡುವ ಗಾಲಿಕುರ್ಚಿಗೆ, ಕೂರುವವರ ದೇಹ ನೋಡಿ, ಚಲಾಯಿಸುವ ಸಾಧನ ಮಾಡಿಕೊಡುವುದು ನನ್ನ ಕೆಲಸ. ಅಂದು ಚೀಲದಲ್ಲಿ ಇದ್ದದ್ದು ಮಾಮೂಲಿ ಜಾಯ್‌ಸ್ಟಿಕ್: ಅಂಗೈ ಅಗಲದ ಪೆಟ್ಟಿಗೆ, ಮೇಲೊಂದು ಕಡ್ಡಿ, ಕಡ್ಡಿ ವಾಲಿದ ಕಡೆ ಕುರ್ಚಿ. ಬೆರಳು ಆಡದವರಿಗೆ ಕಡ್ಡಿಯ ತುದಿಗೆ ಒಂದು ಕವೆ ಕೂಡಿಸುತ್ತೇವೆ. ಮಣಿಕಟ್ಟನ್ನು ಕವೆಯಲ್ಲಿ ಇಟ್ಟು ಇಡೀ ತೋಳಿನಿಂದ ತಳ್ಳಬಹುದು.

ಟೀಚರಮ್ಮ ಎರಡು ವರ್ಷದ ಹಿಂದೆ ಮಾಳಿಗೆಯ ಏಣಿಯಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದುಕೊಂಡವರು. ಕಾಲು ಆಡುವುದಿಲ್ಲ, ಬೆರಳು ಆಡುವುದಿಲ್ಲ. ಬಲ ಮೊಣಕೈ ಮಡಚುತ್ತದೆ. ಎಡ ಮೊಣಕೈ ಅರ್ಧಕ್ಕೆ ಸೆಟೆದು ನಿಂತಿದೆ. ತಲೆ, ಕುತ್ತಿಗೆ, ಎರಡೂ ಭುಜ ಮಾತು ಕೇಳುತ್ತವೆ. ಬಲ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ಅದರಲ್ಲಿ ಸೀಮೆಸುಣ್ಣ ಸಿಗಿಸಿಕೊಳ್ಳುತ್ತಾರೆ. ಬೋರ್ಡನ್ನು ಅವರಿಗಾಗಿ ಮೊಳದಷ್ಟು ಕೆಳಗೆ ಹೊಡೆಸಿದ್ದರು. ಅಕ್ಷರ ದೊಡ್ಡ, ಸ್ವಲ್ಪ ಓರೆ, ಆದರೆ ಹಿಂದಿನ ಸಾಲಿನವರಿಗೂ ಓದಲು ಬರುತ್ತಿತ್ತು.

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯಲ್ಲಿ ನಿಂತವಳು ನಾನು. ಮೊದಲ ಮಾತಿಗೇ ಒಪ್ಪಿಕೊಂಡು ಅಭ್ಯಾಸವಿಲ್ಲ.

"ಎರಡೂ ಮಾಡಬಹುದಲ್ಲ ಟೀಚರ್. ನಡೆಸೋವಾಗ ಕುರ್ಚಿ, ನಿಂತಾಗ ಬೋರ್ಡು."

"ಪಟ್ಟಿ ಕಟ್ಟಾಕ ಒಬ್ರು ಬೇಕು, ಬಿಚ್ಚಾಕ ಒಬ್ರು ಬೇಕು. ಯಾರೂ ಇಲ್ಲದ ನಡಿಯೋ ಕುರ್ಚಿ ಅಂತೀ. ಹಂಗಾದ್ರ ಆ ಒಬ್ರನ್ನ ಎಲ್ಲಿಂದ ತರ್ತಿ?"

ಆ ಪ್ರಶ್ನೆಯನ್ನೇ ಬರೆದುಕೊಂಡೆ.

ಆ ಒಬ್ಬರು ಇದ್ದರು, ಶಾಲೆಯ ಅಡಿಗೆ ಅಮ್ಮ. ಎರಡು ವರ್ಷದಿಂದ ಟೀಚರಮ್ಮನ ಕುರ್ಚಿ ತಳ್ಳುತ್ತಿದ್ದದ್ದು ಆಕೆಯೇ. ಆದರೆ ಆಕೆಗೆ ನಲವತ್ತು ಮಕ್ಕಳ ಅನ್ನ ಇತ್ತು. ಬೆಳಿಗ್ಗೆ ನಾಲ್ಕನೆಯ ತರಗತಿಯಲ್ಲಿ ಬಿಟ್ಟು ಹೋದರೆ ಊಟದ ಗಂಟೆಯವರೆಗೂ ಟೀಚರಮ್ಮ ಅಲ್ಲೇ. ಪಡಸಾಲೆಯ ಆಚೆ ಐದನೆಯ ತರಗತಿ ತಾನೇ ಗದ್ದಲ ಮಾಡಿಕೊಂಡು ಕೂತಿರುತ್ತಿತ್ತು. "ಬೀರು ಇಟ್ಟಂಗ ಇಟ್ಟು ಹೋಗ್ತಾಳ್ರಿ" ಎಂದು ಟೀಚರಮ್ಮ ನಕ್ಕರು. ಅಡಿಗೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಬೀರು ಆದ್ರ ಬಾಯಿ ಮುಚ್ಚಿರತೈತವ್ವ" ಎನ್ನುತ್ತ ಒಲೆಯ ಕಡೆ ಹೋದಳು.

ವಿಷಯ ನಗುವಂಥದ್ದಾಗಿರಲಿಲ್ಲ. ಏಪ್ರಿಲ್ ಮೊದಲ ವಾರ ಮೇಲಿನ ಕಚೇರಿಯಿಂದ ಮೂವರು ಬಂದು ನೋಡುವವರಿದ್ದರು. ಬೇರೆಯವರ ಸಹಾಯವಿಲ್ಲದೆ ಎರಡು ತರಗತಿ ನಡೆಸಲು ಆದರೆ ಸರಿ, ಆಗದಿದ್ದರೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ.

"ನೌಕರಿ ಹೋಗಂಗಿಲ್ಲ. ಸಂಬಳ ಹೋಗಂಗಿಲ್ಲ. ಪಾಠ ಹೋಗತೈತಿ. ಇನ್ನ ಇಪ್ಪತ್ತು ವರ್ಷ ಟಪಾಲು ನೋಡಿಕೋತ ಕೂಡು ಅಂತಾರ. ಅದಕ್ಕ ನಾ ಬದುಕಿ ಉಳೀಬೇಕಿತ್ತೇನು?"

ಮೂರು ತಿಂಗಳು ಕೈಯಲ್ಲಿತ್ತು.

ನಮ್ಮ ವರ್ಕ್‌ಶಾಪು ಜಿನ್ನಿಂಗ್ ಮಿಲ್ಲುಗಳ ಹಿಂದೆ. ಹತ್ತಿಯ ಸೀಸನ್ನಿನಲ್ಲಿ ಗಾಳಿಯಲ್ಲೇ ಅರಳೆ ತೇಲುತ್ತದೆ. ಮೋಟಾರಿನ ಕಂಟ್ರೋಲರ್ ಪೆಟ್ಟಿಗೆಯ ಜಾಲರಿ ವಾರಕ್ಕೊಮ್ಮೆ ಮುಚ್ಚಿಹೋಗಿ ಒಳಗೆ ಕಾದುಬಿಡುತ್ತದೆ, ಬ್ರಷ್ಷಿನಿಂದ ತೆಗೆಯಬೇಕು. ಅಲ್ಲಿ ನನ್ನ ಜೊತೆ ಇರುವವರು ವೆಲ್ಡಿಂಗ್ ಮಿಸ್ತ್ರಿ, ಎಲ್ಲರಿಗೂ ಚಾಚಾ. ಕೈ ಬಿಟ್ಟು ಬೇರೆ ದಾರಿ ಬೇಕು ಎಂದಾಗ ಅವರು ವೆಲ್ಡಿಂಗ್ ಕನ್ನಡಕ ಮೇಲೆತ್ತಿ ನೋಡಿದರು.

"ಅರೇ ಬೇಟಿ, ತಲಿ ಐತಲ್ಲ ಆಕಿಗೆ. ತಲೀಲೆ ನಡಸು. ನಿನ್ನಂಗ ಬಾಯಿಲೆ ನಡಸೋದಾದ್ರ ಬ್ಯಾಟರಿನೂ ಬೇಕಾಗಿಲ್ಲ."

ತಲೆಯಿಂದ ನಡೆಸುವುದು ಹೊಸದೇನಲ್ಲ. ಓರೆಯನ್ನು ಅಳೆಯುವ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು ಸಿಗುತ್ತದೆ, ಅದನ್ನು ತಲೆಗೆ ಕಟ್ಟಿದರೆ ತಲೆ ಎಷ್ಟು ಡಿಗ್ರಿ ವಾಲಿತು ಎಂದು ಹೇಳುತ್ತದೆ. ನಿಯಮ ಹೀಗೆ ಬರೆದೆ: ತಲೆ ಮುಂದಕ್ಕೆ ಬಾಗಿದರೆ ಕುರ್ಚಿ ಮುಂದೆ, ನೆಟ್ಟಗಾದರೆ ನಿಲ್ಲಬೇಕು, ಎಡ ಅಥವಾ ಬಲ ಭುಜದ ಕಡೆ ಹನ್ನೆರಡು ಡಿಗ್ರಿ ದಾಟಿ ಕಾಲು ಸೆಕೆಂಡು ವಾಲಿದರೆ ಆ ಕಡೆ ತಿರುಗಬೇಕು. ಮೊದಲು ಪಟ್ಟಿಯಿಂದ ಹಣೆಗೆ ಕಟ್ಟಿದೆ. ಟೀಚರಮ್ಮನದು ಎಣ್ಣೆ ಹಚ್ಚಿ ಬಿಗಿದು ಹೆಣೆದ ತಲೆ, ಪಟ್ಟಿ ಅರ್ಧ ಗಂಟೆಯಲ್ಲಿ ಜಾರಿ ಹುಬ್ಬಿಗೆ ಬರುತ್ತಿತ್ತು. ಜಾರಿದಷ್ಟೂ ಸೊನ್ನೆಯ ಜಾಗ ಬದಲಾಗಿ ಕುರ್ಚಿ ತಾನೇ ಒಂದು ಕಡೆ ಎಳೆಯುತ್ತಿತ್ತು. ಎಣ್ಣೆ ಹಚ್ಚಬೇಡಿ ಎಂದೆ. "ಮೊದಲು ನಮ್ಮ ಅತ್ತೀಗೆ ಹೇಳು, ಹಚ್ಚೋರು ಅವ್ರು" ಅಂದರು. ಕೊನೆಗೆ ಚಿಪ್ಪನ್ನು ಅವರ ಕನ್ನಡಕದ ಕಡ್ಡಿಗೆ ಅಂಟಿಸಿ, ಸಣ್ಣ ತಂತಿಯನ್ನು ಕಿವಿಯ ಹಿಂದಿನಿಂದ ಜಡೆಯೊಳಗೆ ಇಳಿಸಿದೆ. ಅದು ನಿಂತಿತು.

ಫೆಬ್ರವರಿಯಲ್ಲಿ ಅವರ ಯಜಮಾನರು ಆಟೋದಲ್ಲಿ ವರ್ಕ್‌ಶಾಪಿಗೆ ಕರೆದುಕೊಂಡು ಬಂದರು. ಎಂಟು ಪ್ಲಾಸ್ಟಿಕ್ ಸ್ಟೂಲು ಅಂಗಳದಲ್ಲಿ ಇಟ್ಟು ನಡುವೆ ದಾರಿ ಮಾಡಿದೆ. "ಯಾರೂ ಮಾತಾಡಬ್ಯಾಡ್ರಿ, ಟೀಚರ್ ಗಮನ ಕೊಡಬೇಕು" ಎಂದು ಚಾಚಾನ ಗ್ರೈಂಡರನ್ನೂ ನಿಲ್ಲಿಸಿದೆ. ಇಪ್ಪತ್ತು ನಿಮಿಷದೊಳಗೆ ಟೀಚರಮ್ಮ ಒಂದು ಸ್ಟೂಲಿಗೂ ತಾಕದೆ ಸುತ್ತಿ ಬಂದರು. ಎರಡು ವರ್ಷದಲ್ಲಿ ಮೊದಲ ಸಲ ಅವರು ತಾವು ಬಯಸಿದ ಕಡೆ ಹೋಗಿದ್ದರು. ಹಾಗೇ ಗೇಟಿನ ತನಕ ಹೋಗಿ ರಸ್ತೆ ನೋಡುತ್ತಾ ಐದು ನಿಮಿಷ ನಿಂತರು. ಯಾರೂ ಕರೆಯಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ 'ತಲೆಯ ನಿಯಂತ್ರಣ: ಯಶಸ್ವಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಸೋಮವಾರ ತರಗತಿಯಲ್ಲಿ ಅದು ಒಂದು ನಿಮಿಷ ಬಾಳಿತು.

ಟೀಚರಮ್ಮ ಒಂದು ಮಗ್ಗಿಯ ಪ್ರಶ್ನೆ ಕೇಳಿದರು. ಮುಂದಿನ ಸಾಲಿನವನು ಸರಿ ಉತ್ತರ ಹೇಳಿದ. ಟೀಚರಮ್ಮ "ಹೂಂ" ಅಂದರು, ಕುರ್ಚಿ ಎಡಕ್ಕೆ ತಿರುಗಿ ಬೆಂಚಿಗೆ ಬಡಿಯಿತು. ಮಕ್ಕಳು ಬೆಚ್ಚಿದರು. ಸರಿಪಡಿಸಿಕೊಂಡು ಇನ್ನೊಂದು ಕೇಳಿದರು. ಸರಿ ಉತ್ತರ, ಹೂಂ, ಮತ್ತೆ ಎಡಕ್ಕೆ. ಮೂರನೆಯ ಸಲಕ್ಕೆ ಇಡೀ ತರಗತಿ ಎದ್ದು ನಿಂತು "ಟೀಚರ್ ಕುಣಿಯಾಕತ್ತಾರ" ಎಂದು ಕೂಗಿತು.

ನಮ್ಮ ಕಡೆ ಹೂಂ ಅನ್ನುವಾಗ ತಲೆ ಒಂದು ಬದಿಗೆ ವಾಲಿ ಮರಳುತ್ತದೆ. ಇಪ್ಪತ್ತಾರು ವರ್ಷದಿಂದ ನಾನೂ ಹಾಗೇ ಅನ್ನುತ್ತಿದ್ದೇನೆ, ನನ್ನ ಸುತ್ತಲಿನವರೆಲ್ಲ ಹಾಗೇ ಅನ್ನುತ್ತಾರೆ, ಹಾಗಾಗಿಯೇ ಯಾರೂ ನೋಡಿಲ್ಲ. ಹೊರಗಿನಿಂದ ಬಂದ ಇಂಜಿನಿಯರ್ ಆಗಿದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತೋ ಏನೋ. ಅದರ ಮೇಲೆ ನಾನು ಪರೀಕ್ಷೆ ಮಾಡಿದ್ದು ಎಲ್ಲರ ಬಾಯಿ ಮುಚ್ಚಿಸಿ.

ಸೋಲು ಒಪ್ಪಿಕೊಳ್ಳುವ ಮುಂಚೆ ಒಂದು ವಾದ ಇತ್ತು. "ಟೀಚರ್, ಬಾಯಿಲೆ ಹೂಂ ಅನ್ರಿ. ತಲೆ ನೆಟ್ಟಗಿಡ್ರಿ. ಅಷ್ಟೇ ಅಲ್ಲೇನು?"

"ಅಷ್ಟೇನಾ? ತಗೋ, ಈ ಚಷ್ಮಾ ನೀ ಹಾಕ್ಕೋ."

ಹಾಕಿಕೊಂಡೆ. ತಂತಿಯ ಇನ್ನೊಂದು ತುದಿ ಅವರು ಕೂತ ಕುರ್ಚಿಯಲ್ಲೇ ಇತ್ತು. ಮಕ್ಕಳು ಬೆಂಚು ಹತ್ತಿ ನಿಂತರು.

"ನಿಮ್ಮೂರು ಆದೋನಿ ಏನವ್ವ?"

"ಹೂಂ." ಅವರ ಕುರ್ಚಿ ತಿರುಗಿತು.

"ಊಟ ಆತೇನು?"

"ಹೂಂ..." ಇನ್ನೊಂದು ಸುತ್ತು.

"ತಲಿ ಅಲ್ಲಾಡಿಸಂಗಿಲ್ಲ ಅಂತ ಗಟ್ಟಿ ಮಾಡೀ ಏನು?"

"ಹೂಂ ಟೀಚರ್" ಅಂದೆ. ನನ್ನ ಒಪ್ಪಿಗೆಗೆ ಅವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಮಕ್ಕಳ ನಗು ನಿಲ್ಲಲಿಲ್ಲ. ನಾನು ನಗಲಿಲ್ಲ. ನನ್ನ ತಲೆಯ ವಾಲಾಟಕ್ಕೆ ಇನ್ನೊಬ್ಬರ ದೇಹ ತಿರುಗುವುದನ್ನು ನೋಡಿದವರಿಗೆ ಅದು ತಮಾಷೆಯಾಗಿ ಕಾಣುವುದಿಲ್ಲ.

ಮುಂದಿನ ಮೂರು ವಾರ ತಿದ್ದುಪಡಿ. ವಾಲುವ ಕೋನವನ್ನು ಹನ್ನೆರಡರಿಂದ ಇಪ್ಪತ್ತು ಡಿಗ್ರಿಗೆ ಏರಿಸಿದೆ. ಸಣ್ಣ ಹೂಂಗಳು ತಪ್ಪಿದವು, ಆದರೆ ಉತ್ತರ ಚೆನ್ನಾಗಿದ್ದಾಗ ಬರುವ ದೊಡ್ಡ ಹೂಂ ಇಪ್ಪತ್ತೂ ದಾಟುತ್ತಿತ್ತು. ಪ್ರತಿ ತಿರುವಿಗೂ ಅಷ್ಟು ವಾಲಿಸಿ ಸಂಜೆಗೆ ಅವರ ಕುತ್ತಿಗೆ ಹಿಡಿಯುತ್ತಿತ್ತು. ಕಾಲವನ್ನು ಅರ್ಧ ಸೆಕೆಂಡಿಗೆ ಒಯ್ದೆ. ಚುರುಕಿನ ಹೂಂಗಳು ತಪ್ಪಿದವು, ಆದರೆ ತಡವರಿಸುವ ಮಗುವಿಗೆ 'ಹೇಳು, ಹೇಳು' ಎನ್ನುವ ಉದ್ದನೆಯ ಹೂಂ ಒಂದಿದೆ, ಅದು ಎರಡು ಸೆಕೆಂಡು ನಿಲ್ಲುತ್ತದೆ. ಮೇಲಾಗಿ ತಿರುವು ಅರ್ಧ ಸೆಕೆಂಡು ತಡವಾದರೆ ಬೆಂಚುಗಳ ನಡುವೆ ಕುರ್ಚಿ ಹೋಗಿ ತಾಕುತ್ತದೆ. ಮೂರನೆಯದು ಬೀಗ. ತಲೆಯನ್ನು ಒಂದು ಸೆಕೆಂಡು ಹಿಂದಕ್ಕೆ ಚೆಲ್ಲಿದರೆ ಕುರ್ಚಿ ನಿದ್ದೆಗೆ, ಮತ್ತೆ ಚೆಲ್ಲಿದರೆ ಎಚ್ಚರ. ಬೋರ್ಡಿನ ಮೇಲ್ಸಾಲು ನೋಡಿದಾಗಲೆಲ್ಲ ಅದೂ ಬದಲಾಗುತ್ತಿತ್ತು. ಟೀಚರಮ್ಮ ಒಂದು ಕಡೆ ನಿಂತು ಪಾಠ ಮಾಡುವವರೂ ಅಲ್ಲ. ಸಾಲುಗಳ ನಡುವೆ ಸುತ್ತುತ್ತ, ಬಗ್ಗಿ ನೋಡುತ್ತ, ಹೂಂ ಅನ್ನುತ್ತ ಹೋಗಬೇಕು. ನಡೆಯುವುದೂ ಒಪ್ಪುವುದೂ ಅವರಿಗೆ ಒಟ್ಟೊಟ್ಟಿಗೇ.

ಒಂದು ತಾಸಿಗೆ ಎಷ್ಟು ತಪ್ಪು ತಿರುವು ಎಂದು ಹೆಡ್ ಮಾಸ್ತರರ ಕೈಯಲ್ಲಿ ಗುರುತು ಹಾಕಿಸುತ್ತಿದ್ದೆ. ಮೊದಲು ನಲವತ್ತರ ಹತ್ತಿರ. ಮಾರ್ಚ್ ಮೊದಲ ವಾರ ಇಪ್ಪತ್ತು. ಆಮೇಲೆ ಒಂಬತ್ತು, ಐದು, ಎರಡು.

ಆ ಹಾಳೆಯನ್ನು ಚಾಚಾನ ಮುಂದೆ ಹಿಡಿದೆ. ಅವರು ಅಂಕಿಗಳ ಮೇಲೆ ಬೆರಳು ಓಡಿಸಿದರು.

"ಈ ಎರಡು ವಾರದಾಗ ನೀ ಏನು ಬದಲು ಮಾಡಿದಿ?"

"ಏನೂ ಇಲ್ಲ. ಅವರಿಗೆ ರೂಢಿ ಆಗ್ಯಾದ ಚಾಚಾ."

"ನೀ ಏನೂ ಮಾಡಿಲ್ಲ, ಮಷೀನು ಸುಧಾರಿಸೈತಿ. ಕಮಾಲ್ ಐತಿ ನೋಡು."

ಎದುರಾಳಿ ಒಳ್ಳೆಯ ಪ್ರಶ್ನೆ ಕೇಳಿದಾಗ ದನಿ ಏರಿಸಿ ಮುಂದಿನ ಅಂಶಕ್ಕೆ ಹಾರುವುದು ಸ್ಪರ್ಧೆಯಲ್ಲಿ ಕಲಿತ ವಿದ್ಯೆ. ಹಾರಿದೆ. ಬ್ಯಾಟರಿಯ ಮಾತು ತೆಗೆದೆ.

ಮೂವರು ಬರಲು ಹನ್ನೆರಡು ದಿನ ಇದ್ದಾಗ ಶಾಲೆಗೆ ಹೋಗಿ ಐದನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ. ಪಡಸಾಲೆ ದಾಟಿ ಬಾಗಿಲೊಳಗೆ ಬರಲು ಎಷ್ಟು ಸೆಕೆಂಡು ಎಂದು ನೋಡುವುದಷ್ಟೇ ಉದ್ದೇಶ. ಟೀಚರಮ್ಮ ಚೊಕ್ಕವಾಗಿ ಒಳಗೆ ಬಂದರು. ಬರೆದುಕೊಂಡೆ. ಪಾಠ ಶುರುವಾಯಿತು, ಎಲ್ಲ ವಿಷಯಗಳ ಪುನರಾವರ್ತನೆ.

ಯುಗಾದಿ ಹತ್ತಿರ ಬಂದಿತ್ತು. ಅಪ್ಪ ಅವ್ವನ ಜೊತೆ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದ ಮಕ್ಕಳು ಒಬ್ಬೊಬ್ಬರೇ ಮರಳುತ್ತಿದ್ದರು. ಹಿಂದಿನ ದಿನವಷ್ಟೇ ಬಂದಿದ್ದ ಒಬ್ಬ ಹುಡುಗಿಯನ್ನು ಟೀಚರಮ್ಮ ಎಬ್ಬಿಸಿದರು.

"ತುಂಗಭದ್ರಾ ಹೋಗಿ ಯಾವ ಹೊಳಿಗೆ ಸೇರತೈತಿ?"

"ಕೃಷ್ಣಾ" ಎಂದಳು ಹುಡುಗಿ, ಸಣ್ಣ ದನಿಯಲ್ಲಿ.

ಟೀಚರಮ್ಮ ಅವಳನ್ನೇ ನೋಡಿದರು. ತುಂಬಿದ ಕೊಡ ಹೊತ್ತವರ ಹಾಗೆ ಕುತ್ತಿಗೆ ನೆಟ್ಟಗೆ. ತುಟಿ ಅಲುಗಲಿಲ್ಲ. ಹುಡುಗಿ ಕಾದಳು. ಅವರ ಮುಖ ನೋಡಿದಳು, ಪಕ್ಕದವಳನ್ನು ನೋಡಿದಳು.

"ಗೋದಾವರಿ?"

"ಮುಂದ" ಅಂದರು ಟೀಚರಮ್ಮ. ಹುಡುಗಿ ಕೂತಳು.

ಮುಂದಿನವನು ಭಿನ್ನರಾಶಿಯ ಲೆಕ್ಕ ಸರಿ ಹೇಳಿ, ಕಾದು, ತಪ್ಪಿಗೆ ಬದಲಿಸಿದ. "ಮುಂದ." ಇನ್ನೊಬ್ಬಳು ಸರಿ ಹೇಳಿದಳು, ಬದಲಿಸಲಿಲ್ಲ, ಆದರೆ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಕೂತಳು. ಸರಿಗೂ ತಪ್ಪಿಗೂ ಅದೇ "ಮುಂದ". ತೀರ್ಪುಗಾರರ ಮುಖ ಕಲ್ಲಾಗಿದ್ದರೆ ಗೆಲ್ಲುವ ವಾದವನ್ನೂ ಅರ್ಧಕ್ಕೆ ಕೈಬಿಟ್ಟು ಬೇರೆ ದಾರಿ ಹಿಡಿದದ್ದು ನನಗೂ ಉಂಟು. ಆಗ ನನಗೆ ಇಪ್ಪತ್ತು ವರ್ಷ. ಇವರಿಗೆ ಹತ್ತು.

ಸೆಕೆಂಡು ಬರೆಯುವ ಹಾಳೆ ತಿರುಗಿಸಿ ಬೇರೆಯದನ್ನು ಗುರುತು ಹಾಕತೊಡಗಿದೆ. ಆ ತಾಸಿನಲ್ಲಿ ಐದು ಮಕ್ಕಳು ಸರಿಯಾದ ಉತ್ತರವನ್ನು ತಪ್ಪಿಗೆ ಬದಲಿಸಿದರು. ಕುರ್ಚಿ ಒಮ್ಮೆಯೂ ತಪ್ಪು ತಿರುಗಲಿಲ್ಲ.

ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ, ಯಜಮಾನರ ಆಟೋ ಬರುವ ಮುಂಚೆ, ಕೇಳಿದೆ. "ಟೀಚರ್, ನೀವು ಹೂಂ ಅನ್ನೋದು ಬಿಟ್ಟೀರಿ."

"ಬಿಟ್ಟೀನಿ. ಬಾಯಿಲೆ ಅಂದ್ರ ತಲಿ ಹೋಗತೈತಿ, ಅದಕ್ಕ ಬಾಯಿಲೂ ಬಿಟ್ಟೆ. ಈಗ ಕುರ್ಚಿ ನಡಿಯಾಕತ್ತೈತಿಲ್ಲ?"

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಿಚ್ಚತಿದ್ದಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ವರ್ಷದಾಗ ಏನೇನೋ ಬಿಟ್ಟೀನವ್ವ. ತಲಿ ಬಾಚಿಕೊಳ್ಳೋದು, ಮಗನಿಗೆ ತುತ್ತು ಕೊಡೋದು. ಇದೂ ಒಂದು ಹೋಗಲಿ. ಪಾಠ ಉಳಿಯತೈತಿ."

"ಉಳಿದಿಲ್ಲ ಟೀಚರ್. ಆ ಹುಡುಗಿ ಮೊದಲು ಕೃಷ್ಣಾ ಅಂದಳು. ನಿಮ್ಮ ಮುಖ ನೋಡಿ ಗೋದಾವರಿ ಅಂದಳು."

"ಆಕಿ ನಾಕು ತಿಂಗಳು ಸಾಲಿ ಬಿಟ್ಟು ಹೋಗಿದ್ಲು. ಮರ್ತಾಳ. ವರ್ಷಾ ಇದೇ ಹಣೇಬರಹ."

"ಐದು ಮಂದಿ ಬದಲಿಸಿದರು."

"ಐದು ಮಂದೀನೂ ಗುಂಟೂರಿಂದ ಬಂದೋರು ಇರ್ತಾರ."

ಹೆಸರು ನನಗೆ ಗೊತ್ತಿರಲಿಲ್ಲ. ಹಾಳೆಯಲ್ಲಿ ಬೆಂಚಿನ ಜಾಗ ಗುರುತು ಮಾಡಿದ್ದೆ. ಒಂದೊಂದೇ ಹೇಳಿದೆ. ಕಿಟಕಿ ಪಕ್ಕ ಎರಡನೆಯ ಬೆಂಚು. ಬಾಗಿಲ ಹತ್ತಿರ ಕೊನೆಯದು. ನಡುಸಾಲಿನ ಮೂರನೆಯದು, ಎರಡು ಮಕ್ಕಳು. ಅವರು ಪ್ರತಿಯೊಂದಕ್ಕೂ "ಹೋಗಿದ್ದ, ಹೋಗಿದ್ಲು" ಅನ್ನುತ್ತ ಬಂದರು.

"ಮುಂದಿನ ಸಾಲು, ಗೋಡೆ ಪಕ್ಕ."

"ಯಾರು?" ಅಂದರು ಟೀಚರಮ್ಮ.

"ಹಸಿರು ಶರಟಿನವನು" ಎಂದೆ.

"ಅವ ಎಲ್ಲಿಗೂ ಹೋಗಿಲ್ಲ" ಅಂದರು ನಿಧಾನಕ್ಕೆ. "ಒಂದು ದಿನ ತಪ್ಪಿಸಿಲ್ಲ ಅವ. ಅವಗ ನಾ ಹೇಳಿಕೊಡೋದೇ ಬ್ಯಾಡ." ನನ್ನ ಕೈಯ ಹಾಳೆಯ ಕಡೆ ನೋಡಿ, "ಅವನೂ ಬದಲಿಸಿದನಾ?"

"ಹೌದು ರೀ."

ನನ್ನ ಹತ್ತಿರ ಇನ್ನೂ ಮೂರು ವಾದ ತಯಾರಿದ್ದವು. ತೆಗೆಯಲಿಲ್ಲ. ಹನ್ನೆರಡು ದಿನದಲ್ಲಿ ಬೇರೆಯದು ಮಾಡುತ್ತೇನೆಂದು ಮಾತು ಕೊಡಲು ಧೈರ್ಯವಿರಲಿಲ್ಲ. ಈ ಸಾಧನ ಬಿಟ್ಟು, ಹೊಸದು ಆಗದಿದ್ದರೆ, ಅವರು ಟಪಾಲು ನೋಡುತ್ತ ಕೂರಬೇಕು. ಅದನ್ನು ಹೇಳಿದೆ. ನಿರ್ಧಾರ ನಿಮ್ಮದು ಎಂದೂ ಹೇಳಿದೆ.

"ಬಿಚ್ಚು" ಅಂದರು ಟೀಚರಮ್ಮ.

ಅಲ್ಲೇ ಕನ್ನಡಕದ ಕಡ್ಡಿಯಿಂದ ಚಿಪ್ಪು ಕಿತ್ತು, ಜಡೆಯೊಳಗಿನ ತಂತಿ ಎಳೆದು ತೆಗೆದೆ.

ಮರುದಿನ ಚಾಚಾ ನನ್ನ ಮೇಲೆ ರೇಗಿದರು. "ಚಾಲೂ ಇರೋ ಗಾಡಿ ಬಿಚ್ಚಿ ಬಂದಾಳ. ಇನ್ನ ಹನ್ನೊಂದು ದಿನ ಐತಿ. ಹೋಶ್ ಐತೇನು ನಿನಗ?" ಬೈದುಕೊಂಡೇ ಕಬ್ಬಿಣದ ಕೊಳವೆ ಹುಡುಕಿ ತಂದರು.

ಉಳಿದದ್ದು ಎಡಭುಜ. ಸೆಟೆದ ಮೊಣಕೈ ಇಲ್ಲಿ ಅನುಕೂಲಕ್ಕೆ ಬಂತು, ತೋಳು ಭುಜದ ಜೊತೆ ಒಂದೇ ತುಂಡಾಗಿ ಆಡುತ್ತಿತ್ತು. ಫೈಬರಿನಲ್ಲಿ ಭುಜದ ಮೇಲೆ ಕೂರುವ ಬಟ್ಟಲು ಎರಕ ಹೊಯ್ದೆವು. ಬಟ್ಟಲಿನಿಂದ ಒಂದು ಸಲಾಕೆ ಬೆನ್ನಿನ ಹಿಂದೆ ಹೋಗಿ ಅಲ್ಲಿ ಕೂರಿಸಿದ ಜಾಯ್‌ಸ್ಟಿಕ್ಕಿಗೆ ಸೇರುತ್ತದೆ. ಭುಜ ಮುಂದಕ್ಕೆ ತಂದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ, ಏರಿಸಿದರೆ ಎಡಕ್ಕೆ, ಇಳಿಸಿದರೆ ಬಲಕ್ಕೆ. ಏರಿಸುವುದು ಸುಲಭ. ಇಳಿಸುವ ಶಕ್ತಿ ಅವರಲ್ಲಿ ಬಹಳ ಕಡಿಮೆ, ಎರಡು ಬೆರಳಗಲವೂ ಇಳಿಯುವುದಿಲ್ಲ. ಹಾಗಾಗಿ ಬಲ ತಿರುವು ಯಾವಾಗಲೂ ಅರೆಬರೆ. ವೇಗವನ್ನು ಮುದುಕರ ನಡಿಗೆಗೆ ಇಳಿಸಬೇಕಾಯಿತು.

ಈ ಸಲ ಪರೀಕ್ಷೆಯಲ್ಲಿ ಸುಮ್ಮನಿರುವುದನ್ನು ನಿಷೇಧಿಸಿದೆ. ಗ್ರೈಂಡರ್ ಓಡುತ್ತಿರಬೇಕು, ಟೀಚರಮ್ಮನನ್ನು ಯಾರಾದರೂ ಮಾತಾಡಿಸುತ್ತಿರಬೇಕು, ಅವರು ಉತ್ತರ ಕೊಡುತ್ತಲೇ ನಡೆಸಬೇಕು. ಚಾಚಾ ತಮ್ಮ ಮೇಕೆ ಪಕ್ಕದ ಮನೆಯ ರೇಷನ್ ಕಾರ್ಡು ತಿಂದ ಕಥೆ ಹೇಳಿದರು. "ಈಗ ಅವರ ಪಾಲಿನ ಅಕ್ಕಿ ಮೇಕೆಗೇ ಕೊಡಬೇಕಲ್ಲ ಟೀಚರಮ್ಮ, ಕಾರ್ಡು ಅದರ ಹೊಟ್ಟ್ಯಾಗ ಐತಿ." ಟೀಚರಮ್ಮ ಹೂಂ ಹೂಂ ಅನ್ನುತ್ತ ನಕ್ಕರು. ಹೂಂಗೆ ಕುರ್ಚಿ ಅಲುಗಲಿಲ್ಲ. ನಗುವಿಗೆ ಅಲುಗಿತು, ನಕ್ಕರೆ ಭುಜ ಕುಲುಕುತ್ತದೆ. ಸ್ಪ್ರಿಂಗ್ ಬದಲಿಸಿ ಬಿಗಿ ಮಾಡಿದೆ. ನಗು ನಿಂತಿತು ಎಂದಲ್ಲ, ನಗುವಿಗೆ ಕುರ್ಚಿ ಓಗೊಡುವುದು ನಿಂತಿತು. ಆದರೆ ಬಿಗಿ ಸ್ಪ್ರಿಂಗಿಗೆ ಭುಜ ಬೇಗ ಸೋಲುತ್ತಿತ್ತು. ತೂಗಿ ನೋಡಲು ದಿನಗಳಿರಲಿಲ್ಲ.

ಮೂವರು ಬಂದರು. ಇಬ್ಬರು ಗಂಡಸರು, ಒಬ್ಬ ಹಿರಿಯ ಹೆಂಗಸು. ಹೆಡ್ ಮಾಸ್ತರರು ಬೆವರುತ್ತ, "ಟೀಚರಮ್ಮಾ, ಕಂಗಾರು ಪಡಬ್ಯಾಡ್ರಿ, ಮೆಲ್ಲಗೆ ರಾವಾಲಿ" ಎಂದು, ಗಾಬರಿ ಬೇಡ, ಮೆಲ್ಲಗೆ ಬನ್ನಿ ಎಂದು, ತೆಲುಗು ಕನ್ನಡ ಕಲಸಿ ಹೇಳಿದರು. ನಾಲ್ಕನೆಯ ತರಗತಿ ಚೆನ್ನಾಗಿ ಆಯಿತು. ಪಡಸಾಲೆ ದಾಟಿ ಐದನೆಯದಕ್ಕೆ ಬಲಕ್ಕೆ ತಿರುಗಬೇಕು. ಕುರ್ಚಿ ಚೌಕಟ್ಟಿಗೆ ತಾಕಿತು. ಟೀಚರಮ್ಮ ಹಿಂದೆ ಸರಿದು ಮತ್ತೆ ಬಂದರು. ಮತ್ತೆ ತಾಕಿತು. ಅಡಿಗೆ ಅಮ್ಮ ಅಭ್ಯಾಸದ ಮೇಲೆ ಕೈ ಚಾಚಿ ಓಡಿ ಬಂದವಳು ನಡುವೆಯೇ ನಿಂತು ಸೆರಗಿಗೆ ಕೈ ಒರೆಸಿಕೊಂಡಳು. ಬಂದ ಗಂಡಸರಲ್ಲಿ ಒಬ್ಬರು ಗಡಿಯಾರ ನೋಡಿ, "ಇಂತ ಸ್ಲೋ ಅಯಿತೇ ಎಟ್ಲಾ ಸಾರ್?" ಅಂದರು, ಇಷ್ಟು ನಿಧಾನವಾದರೆ ಹೇಗೆ ಎಂದು. ಮೂರನೆಯ ಸಲಕ್ಕೆ ಟೀಚರಮ್ಮ ಒಳಗೆ ಹೋದರು. ಅವರ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

ತಲೆಯ ಸಾಧನ ಬೇಗ ಹೋಗುತ್ತಿತ್ತು ಎಂದು ಹೆಡ್ ಮಾಸ್ತರರು ಮೊದಲೇ ಹೇಳಿದ್ದರಂತೆ. ಹೆಂಗಸು ನನ್ನ ಕಡೆ ತಿರುಗಿ ಕೇಳಿದರು, "ಅದನ್ನ ಯಾಕಮ್ಮ ತೆಗೆದಿರಿ? ಅದಿದ್ದರೆ ಈ ತೊಂದರೆ ಇರುತ್ತಿರಲಿಲ್ಲವಲ್ಲ."

ನನ್ನ ಚೀಲದಲ್ಲಿ ತಪ್ಪು ತಿರುವಿನ ಹಾಳೆ, ಬದಲಿಸಿದ ಉತ್ತರಗಳ ಹಾಳೆ ಎರಡೂ ಇದ್ದವು. ಆರು ನಿಮಿಷದ ಮಾತು ಬಾಯಿಪಾಠ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಟೀಚರಮ್ಮ ಅಂದರು: "ನಾನೇ ತೆಗೆಸಿದೆ ಮೇಡಂ. ಅದರಾಗ ಕುರ್ಚಿ ಚಲೋ ನಡಸ್ತಿದ್ದೆ, ಪಾಠ ಮಾಡ್ತಿರಲಿಲ್ಲ. ನೀವು ನೋಡಾಕ ಬಂದಿದ್ದು ಪಾಠ ಅಲ್ಲೇನ್ರಿ? ಕೂಡ್ರಿ, ನೋಡ್ರಿ."

ಅವರು ಕೂತರು. ಅರ್ಧ ತಾಸು ಕೂತರು. ಹೆಂಗಸು ತಾವೇ ಎರಡು ಪ್ರಶ್ನೆ ಕೇಳಿದರು. ಮಕ್ಕಳು ಅವರಿಗೆ ಉತ್ತರ ಹೇಳಿ ಟೀಚರಮ್ಮನ ಕಡೆ ನೋಡಿದರು. ಆ ನೋಟವನ್ನು ಮೂವರೂ ಗಮನಿಸಿದಂತೆ ಕಾಣಲಿಲ್ಲ. ಟೀಚರಮ್ಮ ತಲೆ ವಾಲಿಸಿ ಹೂಂ ಅಂದರು, ಕುರ್ಚಿ ಅಲುಗಲಿಲ್ಲ, ಗಮನಿಸಲು ಏನೂ ಆಗಲೂ ಇಲ್ಲ.

ಬೇಸಿಗೆ ರಜೆಗೆ ಮುಂಚೆ ಕಾಗದ ಬಂತು. ಒಂದು ಶಾಲಾ ವರ್ಷ ತರಗತಿಯಲ್ಲೇ ಮುಂದುವರಿಯಬಹುದು, ಆಮೇಲೆ ಮತ್ತೆ ನೋಡಲಾಗುವುದು. ಕೆಳಗೆ ಒಂದು ಸಾಲು, ಕೋಣೆ ಬದಲಿಸಲು ಹೆಚ್ಚು ಸಮಯ ಹಿಡಿಯುತ್ತದೆ ಎಂದು. ಟೀಚರಮ್ಮನಿಗೆ ಫೋನಿನಲ್ಲಿ ಆ ಸಾಲಿನ ಮೇಲೆ ಮೇಲ್ಮನವಿ ಹಾಕೋಣ ಎಂದೆ. "ಅದು ಖರೇನೇ ಐತಲ್ಲ. ಖರೇದರ ಮ್ಯಾಲೆ ಏನು ಜಗಳ ನಿಂದು?" ಅಂದರು.

ಈಗ ಜೂನ್. ಹನ್ನೆರಡು ಗಂಟೆಗೆ ಅವರ ಭುಜ ನೋಯಲು ಶುರುವಾಗುತ್ತದೆ. ಸ್ಪ್ರಿಂಗ್ ಸಡಿಲ ಮಾಡು ಅನ್ನುತ್ತಾರೆ. ಸಡಿಲ ಮಾಡಿದರೆ ಕೆಮ್ಮಿಗೂ ಕುರ್ಚಿ ಹೊರಡುತ್ತದೆ, ಮುಂದಿನ ಬೆಂಚಿನಲ್ಲೇ ಮಕ್ಕಳು ಕೂತಿರುತ್ತಾರೆ ಅನ್ನುತ್ತೇನೆ ನಾನು. ಇಬ್ಬರದೂ ಸರಿ ಇರುವ ವಾದವನ್ನು ನಾನು ಈವರೆಗೆ ಗೆದ್ದಿಲ್ಲ. ಊಟದ ನಂತರ ಅವರು ಭುಜದ ಬಟ್ಟಲು ತೆಗೆಸಿ, ಕೊನೆಯ ಒಂದು ತಾಸು ಬೋರ್ಡಿನ ಹತ್ತಿರ ಒಂದೇ ಕಡೆ ಕೂತು ಪಾಠ ಮಾಡುತ್ತಾರೆ. ನಾನು ಮಾಡಬೇಕಾದ ಕೆಲಸದಲ್ಲಿ ಆ ಒಂದು ತಾಸು ಇನ್ನೂ ಬಾಕಿ ಇದೆ.